ಒಡೆಯನಿಲ್ಲದ ಜಾಲ ಉಳಿದೀತೆ?

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಮೊದಲಾದ ಸಾಮಾಜಿಕ ಜಾಲತಾಣಗಳಲ್ಲಿ ಬರೆಯುವವರು ಕೋಟ್ಯಂತರ ಮಂದಿ ಇದ್ದರೂ ಬರಹವನ್ನು ಕಾಪಿಡುವ ಯಂತ್ರಗಳು, ಯಾವುದು ಯಾರ ಕಣ್ಣಿಗೆ ಬೀಳಬೇಕೆಂಬ ನಿರ್ಧಾರ, ಖಾತೆಯನ್ನು ರದ್ದುಪಡಿಸುವ ಅಧಿಕಾರ ಇವೆಲ್ಲ ಆಯಾ ಕಂಪನಿಯ ಕೈಯಲ್ಲೇ ಇರುತ್ತವೆ. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ 4,400 ಕೋಟಿ ಡಾಲರಿಗೆ ಟ್ವಿಟರ್ ಅನ್ನು ಕೊಂಡು, ಕೆಲವೇ ವಾರಗಳಲ್ಲಿ ಅದರ ನಿಯಮಗಳನ್ನೂ ಸಿಬ್ಬಂದಿಯನ್ನೂ ಬದಲಿಸಿದಾಗ ಈ ಅಧಿಕಾರದ ಪ್ರಮಾಣ ಎಷ್ಟೆಂಬುದು ಸಾಮಾನ್ಯ ಬಳಕೆದಾರರಿಗೂ ತಿಳಿಯಿತು. ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲೇ ಬಳಕೆಗೆ ಬಂದ ‘ಕೂ’ ಜಾಲತಾಣದ ಕಥೆ ಇದರ ಇನ್ನೊಂದು ಮುಖ: 2024ರ ಜುಲೈನಲ್ಲಿ ಕಂಪನಿ ಸೇವೆಯನ್ನು ನಿಲ್ಲಿಸಿದಾಗ, ಅಲ್ಲಿ ಕೂಡಿಸಿಕೊಂಡಿದ್ದ ಓದುಗರ ಬಳಗವನ್ನು ಬೇರೆಡೆಗೆ ಒಯ್ಯುವ ದಾರಿ ಬರೆಯುವವರಿಗೆ ಇರಲಿಲ್ಲ.

ಈ ಅವಲಂಬನೆಗೆ ಪರಿಹಾರವೆಂದು ಮುಂದಿಡಲಾಗುತ್ತಿರುವುದು ವಿಕೇಂದ್ರೀಕೃತ ಜಾಲ, ಅಂದರೆ ಒಂದೇ ಒಡೆತನದ ಬದಲು ಹಲವರು ನಡೆಸುವ ಸರ್ವರ್‌ಗಳು ಎಲ್ಲರಿಗೂ ತೆರೆದಿರುವ ಪ್ರೋಟೊಕಾಲ್ ಒಂದರ ಮೂಲಕ ಪರಸ್ಪರ ಮಾತನಾಡಿಕೊಳ್ಳುವ ವ್ಯವಸ್ಥೆ. ಯಂತ್ರಗಳ ನಡುವಿನ ಸಂದೇಶ ಯಾವ ರೂಪದಲ್ಲಿರಬೇಕೆಂದು ಮೊದಲೇ ಗೊತ್ತುಮಾಡಿದ ಒಪ್ಪಂದವೇ ಪ್ರೋಟೊಕಾಲ್. ಇದೇನೂ ಹೊಸ ಕಲ್ಪನೆಯಲ್ಲ. ಒಂದು ಕಂಪನಿಯ ಇಮೇಲ್ ವಿಳಾಸದಿಂದ ಇನ್ನೊಂದು ಕಂಪನಿಯ ವಿಳಾಸಕ್ಕೆ ಪತ್ರ ತಲುಪುವುದು 1982ರಲ್ಲಿ ರೂಪುಗೊಂಡ ಇಂಥದೇ ಒಪ್ಪಂದದಿಂದ. ಆದರೆ ಒಪ್ಪಂದ ಮುಕ್ತವಾಗಿದ್ದ ಮಾತ್ರಕ್ಕೆ ಜಾಲವೂ ಮುಕ್ತವಾಗಿ ಉಳಿಯುತ್ತದೆಂಬ ನಂಬಿಕೆಗೆ ಚರಿತ್ರೆಯ ಬೆಂಬಲ ಕಡಿಮೆ.

ಇದಕ್ಕೆ ಒಳ್ಳೆಯ ನಿದರ್ಶನ 1999ರಲ್ಲಿ ‘ಜ್ಯಾಬರ್’ ಎಂಬ ಹೆಸರಿನಲ್ಲಿ ಆರಂಭವಾಗಿ ಮುಂದೆ ಎಕ್ಸ್‌ಎಂಪಿಪಿ ಎನಿಸಿಕೊಂಡ ಹರಟೆಯ ಪ್ರೋಟೊಕಾಲ್. 2005ರಲ್ಲಿ ಗೂಗಲ್ ತನ್ನ ‘ಟಾಕ್’ ಸೇವೆಯನ್ನು ಇದರ ಮೇಲೆಯೇ ಕಟ್ಟಿ, ಮರುವರ್ಷ ಹೊರಗಿನ ಸರ್ವರ್‌ಗಳೊಡನೆ ಸಂಪರ್ಕವನ್ನೂ ತೆರೆದಾಗ ಮುಕ್ತ ಜಾಲದ ಪಕ್ಷಪಾತಿಗಳು ಸಂಭ್ರಮಿಸಿದರು. 2013ರಲ್ಲಿ ಅದರ ಸ್ಥಾನಕ್ಕೆ ಬಂದ ‘ಹ್ಯಾಂಗೌಟ್ಸ್’ ಹೊರಗಿನ ಸರ್ವರ್‌ಗಳ ಸಂಪರ್ಕವನ್ನು ಕೈಬಿಟ್ಟಿತು. ಪ್ರೋಟೊಕಾಲ್ ಇಂದಿಗೂ ಜೀವಂತವಾಗಿದೆ, ಆದರೆ ಸ್ನೇಹಿತರಲ್ಲಿ ಬಹುಪಾಲು ಜನ ದೊಡ್ಡ ಕಂಪನಿಯ ಕಡೆಯೇ ಇದ್ದುದರಿಂದ ಸಣ್ಣ ಸರ್ವರ್‌ಗಳವರು ಒಂಟಿಯಾದರು. ಮೆಟಾ ಕಂಪನಿ 2023ರಲ್ಲಿ ಆರಂಭಿಸಿದ ‘ಥ್ರೆಡ್ಸ್’ ಆ ವರ್ಷದ ಕೊನೆಗೆ ಮುಕ್ತ ಜಾಲದೊಡನೆ ಬೆಸೆದುಕೊಳ್ಳುವ ಪ್ರಯೋಗಕ್ಕೆ ಇಳಿದಾಗ ಹಲವು ಸಣ್ಣ ಸರ್ವರ್‌ಗಳ ನಿರ್ವಾಹಕರು ಮುಂಚಿತವಾಗಿಯೇ ಅದನ್ನು ತಡೆದದ್ದಕ್ಕೆ ಈ ನೆನಪೂ ಒಂದು ಕಾರಣ.

ಥ್ರೆಡ್ಸ್ ಬೆಸೆದುಕೊಳ್ಳಹೊರಟ ಆ ಜಾಲದ ಮುಖ್ಯ ಭಾಗ ಮ್ಯಾಸ್ಟೊಡಾನ್. ಜರ್ಮನಿಯ ಯುಜೆನ್ ರೋಚ್ಕೊ 2016ರಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶ, 2018ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಮಾನ್ಯ ಮಾಡಿದ ‘ಆ್ಯಕ್ಟಿವಿಟಿಪಬ್’ ಪ್ರೋಟೊಕಾಲನ್ನು ಬಳಸುತ್ತದೆ. ಪ್ರತಿಯೊಂದು ಸರ್ವರಿಗೂ ತನ್ನದೇ ನಿರ್ವಾಹಕರಿದ್ದಾರೆ, ತನ್ನದೇ ನಿಯಮಗಳಿವೆ. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾದಾಗ ಭಾರತದ ಸಾವಿರಾರು ಮಂದಿ ಇತ್ತ ಬಂದರು. ಅದೇ ವರ್ಷ ಅಮೆರಿಕದ ತೀವ್ರ ಬಲಪಂಥೀಯರ ‘ಗ್ಯಾಬ್’ ತಾಣ ಮ್ಯಾಸ್ಟೊಡಾನ್ ತಂತ್ರಾಂಶವನ್ನೇ ಅಳವಡಿಸಿಕೊಂಡಿತು. ತಂತ್ರಾಂಶ ಎಲ್ಲರಿಗೂ ಮುಕ್ತವಾದ್ದರಿಂದ ಅದನ್ನು ತಡೆಯುವ ಹಕ್ಕು ಯಾರಿಗೂ ಇರಲಿಲ್ಲ, ಆದರೆ ಬಹುತೇಕ ಸರ್ವರ್‌ಗಳು ತಮ್ಮಷ್ಟಕ್ಕೆ ತಾವೇ ಅದರ ಸಂಪರ್ಕವನ್ನು ಕಡಿದುಕೊಂಡವು. ಕೇಂದ್ರದ ಅಪ್ಪಣೆಯಿಲ್ಲದೆ ನಡೆದ ಈ ನಿರಾಕರಣೆಯಲ್ಲಿ ವಿಕೇಂದ್ರೀಕರಣದ ನಿಜವಾದ ಶಕ್ತಿ ಕಾಣುತ್ತದೆ.

ಅದರ ದೌರ್ಬಲ್ಯ ಇರುವುದು ದಿನನಿತ್ಯದ ನಿರ್ವಹಣೆಯಲ್ಲಿ. ಸರ್ವರ್ ಬಾಡಿಗೆ ಕಟ್ಟಬೇಕು, ದೂರುಗಳನ್ನು ವಿಚಾರಿಸಬೇಕು, ಕೊಳಕು ಚಿತ್ರಗಳನ್ನು ನೋಡಿ ನೋಡಿ ತೆಗೆಯಬೇಕು. ಇದನ್ನೆಲ್ಲ ಬಹುಮಟ್ಟಿಗೆ ಸಂಬಳವಿಲ್ಲದೆ ಮಾಡುವ ನಿರ್ವಾಹಕರು ದಣಿದು ಬಾಗಿಲು ಹಾಕಿದ ನಿದರ್ಶನಗಳು ಸಾಕಷ್ಟಿವೆ. ಅಫ್ಘಾನಿಸ್ತಾನದ ‘.ಎಎಫ್’ ವಿಳಾಸ ಪಡೆದಿದ್ದ ಲೈಂಗಿಕ ಅಲ್ಪಸಂಖ್ಯಾತರ ಸರ್ವರ್ ಒಂದು, 2024ರ ಫೆಬ್ರುವರಿಯಲ್ಲಿ ತಾಲಿಬಾನ್ ಆಡಳಿತ ಆ ವಿಳಾಸವನ್ನು ತಡೆಹಿಡಿದಾಗ ರಾತ್ರೋರಾತ್ರಿ ನೆಲೆ ಕಳೆದುಕೊಂಡಿತು. ಇನ್ನು ಯಾವ ಸರ್ವರ್ ಆರಿಸಬೇಕೆಂದು ತಿಳಿಯದ ಹೊಸಬರಿಗಾಗಿ ಮ್ಯಾಸ್ಟೊಡಾನ್‌ನ ಅಧಿಕೃತ ಆ್ಯಪ್ 2023ರಿಂದ ಮೂಲ ಸಂಸ್ಥೆಯ ಸರ್ವರನ್ನೇ ಮೊದಲ ಆಯ್ಕೆಯಾಗಿ ತೋರಿಸುತ್ತಿದೆ. ಅನುಕೂಲಕ್ಕಾಗಿ ಮಾಡಿದ ಈ ಏರ್ಪಾಡೂ ಕೇಂದ್ರೀಕರಣದ ಕಡೆಗೇ ಎಳೆಯುತ್ತದೆ.

ಬ್ಲೂಸ್ಕೈ ಹಿಡಿದ ದಾರಿ ಬೇರೆ. 2019ರಲ್ಲಿ ಟ್ವಿಟರ್ ಒಳಗಿನ ಯೋಜನೆಯಾಗಿ ಘೋಷಿತವಾಗಿ, ಜೇ ಗ್ರೇಬರ್ ಅವರ ನೇತೃತ್ವದಲ್ಲಿ ಸ್ವತಂತ್ರ ಕಂಪನಿಯಾಗಿ ಬೆಳೆದು, 2024ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆದುಕೊಂಡ ಈ ಜಾಲ ಅದೇ ವರ್ಷದ ನವೆಂಬರ್‌ನಲ್ಲಿ 2 ಕೋಟಿ ಬಳಕೆದಾರರನ್ನು ದಾಟಿತು. ಇದರ ‘ಎಟಿ ಪ್ರೋಟೊಕಾಲ್’ ಕೆಲಸವನ್ನು ಹಂಚುತ್ತದೆ: ಬಳಕೆದಾರರ ಬರಹಗಳು ಒಂದು ಸಂಗ್ರಹದಲ್ಲಿರುತ್ತವೆ, ಎಲ್ಲ ಸಂಗ್ರಹಗಳ ಹೊಸ ಬರಹಗಳನ್ನು ಇನ್ನೊಂದು ಸೇವೆ ಒಟ್ಟುಗೂಡಿಸುತ್ತದೆ, ಅವನ್ನು ಓದುವ ರೂಪಕ್ಕೆ ತರುವ ಕೆಲಸ ಮತ್ತೊಂದರದು. ಈ ಯಾವ ಭಾಗವನ್ನಾದರೂ ಯಾರು ಬೇಕಾದರೂ ನಡೆಸಬಹುದೆಂಬುದು ತತ್ತ್ವ. ಬಹುಪಾಲು ಖಾತೆಗಳ ಮಟ್ಟಿಗೆ ಮೂರನ್ನೂ ನಡೆಸುತ್ತಿರುವುದು ಬ್ಲೂಸ್ಕೈ ಕಂಪನಿಯೇ ಎಂಬುದು ವಾಸ್ತವ. 2025ರ ಏಪ್ರಿಲ್‌ನಲ್ಲಿ ಟರ್ಕಿ ಸರ್ಕಾರದ ಕೋರಿಕೆಯಂತೆ ಕಂಪನಿ ಕೆಲವು ಖಾತೆಗಳನ್ನು ಆ ದೇಶದಲ್ಲಿ ಮರೆಮಾಡಿದಾಗ, ಬೇರೆಯವರು ರಚಿಸಿದ ಕೆಲವು ಆ್ಯಪ್‌ಗಳಲ್ಲಿ ಅವು ಕಾಣುತ್ತಲೇ ಇದ್ದವು; ತತ್ತ್ವ ಪೂರ್ತಿ ಪೊಳ್ಳಲ್ಲ ಎಂಬುದಕ್ಕೆ ಅಷ್ಟು ಸಾಕ್ಷಿಯಿದೆ. ಆದರೆ 2024ರಲ್ಲಿ ಹೂಡಿಕೆದಾರರಿಂದ 1.5 ಕೋಟಿ ಡಾಲರ್ ಪಡೆದ ಕಂಪನಿಗೆ ಆದಾಯದ ಒತ್ತಡ ಬಂದಾಗ ಈ ಮುಕ್ತತೆ ಎಷ್ಟು ಕಾಲ ಉಳಿದೀತು ಎಂಬ ಸಂಶಯ ಅಕಾರಣವಲ್ಲ.

ಆದ್ದರಿಂದ ಇಂಥ ಜಾಲವನ್ನು ಪರೀಕ್ಷಿಸಬೇಕಾದದ್ದು ಅದರ ಘೋಷಣೆಗಳಿಂದಲ್ಲ, ಹೊರಹೋಗುವ ದಾರಿಯಿಂದ. ಭಾರತದಲ್ಲಿ 2011ರಿಂದ ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸಬಹುದಾದಂತೆ, ಬಳಗವನ್ನೂ ಬರಹವನ್ನೂ ಜೊತೆಗೆ ಒಯ್ಯಲು ಸಾಧ್ಯವಿದ್ದರೆ ಮಾತ್ರ ಒಡೆಯನಿಗೆ ಅಂಕುಶವಿರುತ್ತದೆ. ಮ್ಯಾಸ್ಟೊಡಾನ್‌ನಲ್ಲಿ ಸರ್ವರ್ ಬದಲಿಸಿದವರ ಹಿಂದೆ ಅನುಯಾಯಿಗಳು ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಬ್ಲೂಸ್ಕೈಯ ವಿನ್ಯಾಸ ಎರಡಕ್ಕೂ ಅವಕಾಶ ಕೊಡುತ್ತದೆ, ಆದರೆ ಹೋಗಿ ಸೇರಲು ಬೇರೆ ನೆಲೆಗಳು ಇನ್ನೂ ಕಡಿಮೆ.

ಆ ನೆಲೆಗಳನ್ನು ಒದಗಿಸಬಲ್ಲವು ಸಾರ್ವಜನಿಕ ಸಂಸ್ಥೆಗಳು. ಜರ್ಮನಿಯ ಒಕ್ಕೂಟ ಸರ್ಕಾರದ ಕಚೇರಿಗಳಿಗೆ 2020ರಿಂದ, ನೆದರ್ಲೆಂಡ್ಸ್ ಸರ್ಕಾರಕ್ಕೆ 2023ರಿಂದ ಸ್ವಂತ ಮ್ಯಾಸ್ಟೊಡಾನ್ ಸರ್ವರ್‌ಗಳಿವೆ. ತಂತ್ರಾಂಶ ಉಚಿತವಾಗಿ ಸಿಗುವುದರಿಂದ ಕನ್ನಡದ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಅಂಥದೊಂದನ್ನು ಸ್ಥಾಪಿಸಬಹುದು. ಅದಕ್ಕೆ ಉದ್ಘಾಟನೆಯ ಅನುದಾನ ಸಾಲದು, ವರ್ಷ ವರ್ಷವೂ ಸಲ್ಲುವ ಖರ್ಚಿನ ಬಾಬ್ತು ಮತ್ತು ಸಂಬಳ ಪಡೆಯುವ, ಕನ್ನಡ ಬಲ್ಲ ನಿರ್ವಾಹಕರು ಬೇಕು.