ಹಳೆಯ ಹಾಡಿಗೊಂದು ಸ್ಟೇಷನ್ ಯಾಕೆ ಹುಟ್ಟಲಿಲ್ಲ?

ವಿಜಯನಗರದ ರೆಮ್ಕೊ ಲೇಔಟಿಗೆ ಹೆಸರು ಕೊಟ್ಟದ್ದು ಮೈಸೂರು ರಸ್ತೆಯ ಒಂದು ಕಾರ್ಖಾನೆ: ರೇಡಿಯೊ ಅಂಡ್ ಎಲೆಕ್ಟ್ರಿಕಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಎಪ್ಪತ್ತರ ದಶಕದಲ್ಲಿ ಅದು ಬಿಎಚ್‌ಇಎಲ್‌ಗೆ ಸೇರಿಹೋಯಿತು. ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿಯ ಕಡೆ ಕಾರ್ಖಾನೆಗಳ ಪಾಳಿಯಲ್ಲಿ ದುಡಿದು ನಿವೃತ್ತರಾದವರ ಮನೆಗಳು ಇವತ್ತಿಗೂ ಬಹಳ. ಈ ಭಾಗದ ರೇಡಿಯೊಪ್ರಿಯರ ಮಾತಿನಲ್ಲಿ ಆಗಾಗ ತಲೆಯೆತ್ತುವ ಪ್ರಶ್ನೆ ಒಂದಿದೆ: ಊರಿನ ಇಷ್ಟು ಎಫ್‌ಎಂಗಳಲ್ಲಿ ಒಂದಾದರೂ ದಿನವಿಡೀ ಹಳೆಯ ಕನ್ನಡ ಹಾಡುಗಳಿಗೆ ತಿರುಗೀತೇ? ಉತ್ತರ ಬೇಕಾದರೆ ಬಾನುಲಿಯ ಹಿಂದಿನ ದಾರಿಯನ್ನು ನೋಡಬೇಕು.

ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಶುರುಮಾಡಿದರು. ಆ ನಿಲಯದ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶಕ್ಕೇ ಸಂದಿತು. ಬೆಂಗಳೂರು ನಿಲಯ ಬಂದದ್ದು 1955ರ ನವೆಂಬರ್ 2ರಂದು. ಆದರೆ ಅದು ಸಿನಿಮಾ ಹಾಡುಗಳ ಪಾಲಿಗೆ ಕಷ್ಟದ ಕಾಲ. 1952ರಲ್ಲಿ ಸಚಿವರಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಚಿತ್ರಗೀತೆಗಳನ್ನು ಹಿಂದಕ್ಕೆ ಸರಿಸಿ ಶಾಸ್ತ್ರೀಯ ಸಂಗೀತಕ್ಕೆ ಮಣೆ ಹಾಕಿದ್ದರು. ಕೇಳುಗರು ರೇಡಿಯೊ ಸಿಲೋನಿಗೆ ಮುಳ್ಳು ತಿರುಗಿಸಿದರು. ಬೆಳಗಿನ ಹೊತ್ತಿನಲ್ಲಿ ಹಳೆಯ ಚಿತ್ರಗೀತೆಗಳಿಗೆಂದೇ ಅರ್ಧ ಗಂಟೆ ಮೀಸಲಿಟ್ಟು, ಕೊನೆಗೊಂದು ಸೈಗಲ್ ಹಾಡು ಹಾಕುವ ಪದ್ಧತಿಯನ್ನು ಬೆಳೆಸಿದ್ದು ಸಿಲೋನೇ. ಹಳೆಯ ಹಾಡಿಗೆ ಅದರದೇ ಕೇಳುಗರಿದ್ದಾರೆ ಎಂದು ಆ ಅರ್ಧ ಗಂಟೆ ಆಗಲೇ ತೋರಿಸಿತ್ತು. ಕೇಳುಗರನ್ನು ಮರಳಿ ಕರೆತರಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಯಿತು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ದನಿಗಳೂ ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರರ ರಾಗಗಳೂ ಮನೆಮನೆಯ ನಿತ್ಯದ ಸಂಗತಿಯಾದದ್ದು ಬಾನುಲಿಯ ಮೂಲಕವೇ.

2001ರ ಜುಲೈ 3ರಂದು ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ರೇಡಿಯೊ ಸಿಟಿ ಬಂತು. ಆರಂಭದಲ್ಲಿ ಅಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದೇ ಕಾರುಬಾರು. ಖಾಸಗಿ ಎಫ್‌ಎಂ ಪರವಾನಗಿಗಳ ಎರಡನೇ ಹಂತದ ಹರಾಜಿನ ನಂತರ, 2006ರಿಂದ ಮಿರ್ಚಿ, ಬಿಗ್, ಎಸ್ ಎಫ್‌ಎಂಗಳು ಸಾಲುಗಟ್ಟಿದವು. ಅದೇ ವರ್ಷದ ಕೊನೆಯಲ್ಲಿ ತೆರೆಕಂಡ 'ಮುಂಗಾರು ಮಳೆ'ಯ ಹಾಡುಗಳು ಊರನ್ನೇ ಆವರಿಸಿದವು. ಕನ್ನಡಪರ ಸಂಘಟನೆಗಳ ಒತ್ತಾಯ ಒಂದು ಕಡೆ, ಹೊಸ ಹಾಡುಗಳ ಯಶಸ್ಸು ಇನ್ನೊಂದು ಕಡೆ. ನಗರದ ಎಫ್‌ಎಂ ಕನ್ನಡಕ್ಕೆ ಒಲಿಯಿತು. ಅದು ದೊಡ್ಡ ಗೆಲುವು. ಆದರೆ ಗೆದ್ದದ್ದು ಹೊಸ ಹಾಡು. ಹಳೆಯದಕ್ಕೆ ಸಿಕ್ಕಿದ್ದು ರಾತ್ರಿಯ ಒಂದೆರಡು ಗಂಟೆ.

ಇದಕ್ಕೆ ಕಾರಣ ಕೇಳುಗರ ಕೊರತೆಯಲ್ಲ. ಎರಡನೇ ಹಂತದ ನಿಯಮದಲ್ಲಿ ಒಂದು ಊರಿನಲ್ಲಿ ಒಂದು ಕಂಪನಿಗೆ ಒಂದೇ ತರಂಗಾಂತರ. ಇರುವ ಒಂದರಲ್ಲೇ ಕೋಟಿಗಟ್ಟಲೆ ದುಡ್ಡು ಹಿಂದಕ್ಕೆ ಬರಬೇಕಾದರೆ, ಜಾಹೀರಾತುದಾರರು ಬೆನ್ನುಹತ್ತುವ ಹರೆಯದವರನ್ನೇ ಎಲ್ಲರೂ ಓಲೈಸಬೇಕು. ಹಾಡಿನ ಬೆಲೆಯೂ ಅಡ್ಡಿಯಾಗಿರಲಿಲ್ಲ. 2010ರಲ್ಲಿ ಕಾಪಿರೈಟ್ ಬೋರ್ಡ್ ಜಾಹೀರಾತಿನ ನಿವ್ವಳ ವರಮಾನದ ಶೇ 2ರಷ್ಟನ್ನು ಸಂಗೀತ ಕಂಪನಿಗಳ ರಾಯಧನವೆಂದು ಗೊತ್ತುಮಾಡಿದಾಗ, ಹೊಸ ಹಾಡಿಗೂ ಹಳೆಯದಕ್ಕೂ ಒಂದೇ ಲೆಕ್ಕವಿತ್ತು.

ಬಾಗಿಲು ತೆರೆದದ್ದು ಮೂರನೇ ಹಂತದಲ್ಲಿ. 2011ರ ನೀತಿ ಒಂದೇ ಊರಿನಲ್ಲಿ ಒಂದಕ್ಕಿಂತ ಹೆಚ್ಚು ವಾಹಿನಿ ಹೊಂದಲು ಅವಕಾಶ ಕೊಟ್ಟಿತು. 2015ರ ಹರಾಜಿನಲ್ಲಿ ಎಚ್‌ಟಿ ಮೀಡಿಯಾ ದೆಹಲಿ, ಮುಂಬೈಗಳಲ್ಲಿ ಎರಡನೇ ತರಂಗಾಂತರ ಪಡೆದು, ಮರುವರ್ಷ 'ರೇಡಿಯೊ ನಶಾ' ಹೆಸರಿನಲ್ಲಿ ಹಳೆಯ ಹಿಂದಿ ಹಾಡುಗಳನ್ನು ಬಿತ್ತರಿಸತೊಡಗಿತು. ಬೆಂಗಳೂರಿನಲ್ಲಿ ಬಿಕರಿಗಿದ್ದ ತರಂಗಾಂತರವನ್ನು ಮಿರ್ಚಿಯ ಕಂಪನಿ ಸುಮಾರು 109 ಕೋಟಿ ರೂಪಾಯಿಗೆ ಕೊಂಡಿತು. ಅದರಲ್ಲಿ ಮೊಳಗಿದ್ದು ಹಿಂದಿ ಹಾಡು. ದೆಹಲಿಯಲ್ಲಿ ಎರಡನೇ ವಾಹಿನಿ ಹಳೆಯ ಹಾಡಿಗೆ ದಕ್ಕಿತು. ಕನ್ನಡದ ರಾಜಧಾನಿಯಲ್ಲಿ ದಕ್ಕಲಿಲ್ಲ. ಹಾಕಿದ ಬಂಡವಾಳದ ಗಾತ್ರ ನೋಡಿದರೆ ಲೆಕ್ಕಾಚಾರ ಅರ್ಥವಾಗುತ್ತದೆ, ನೋವು ಮಾತ್ರ ಕಡಿಮೆಯಾಗುವುದಿಲ್ಲ.

ಹಾಗಾಗಿ ಖಾಸಗಿ ವಾಹಿನಿಯೊಂದು ತಾನಾಗಿ ತಿರುಗೀತೆಂದು ಕಾದು ಕೂರುವುದರಲ್ಲಿ ಅರ್ಥವಿಲ್ಲ. ಹರಾಜಿನ ಹೊರೆ ಇಲ್ಲದ ಆಕಾಶವಾಣಿಯನ್ನೇ ಕೇಳಬೇಕು. 102.9ರಲ್ಲಿ ವಿವಿಧ ಭಾರತಿ ಇದೆ, 101.3ರಲ್ಲಿ ಕಾಮನಬಿಲ್ಲು ಇದೆ. ದಶಕಗಳಿಂದ ಕೂಡಿಟ್ಟ ಧ್ವನಿಭಂಡಾರವಿದೆ. ಕಾನೂನೂ ಈಗ ಅರ್ಧ ದಾರಿ ಬಂದಿದೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷಕ್ಕೆ ಮುಗಿಯುವುದರಿಂದ, 1964ರ 'ನಾಂದಿ' ಚಿತ್ರದ ಕಾಲದವರೆಗೆ ಹೊರಬಂದ ತಟ್ಟೆಗಳ ಮೇಲೆ ಕಂಪನಿಗಳ ಹಕ್ಕು ಉಳಿದಿಲ್ಲ. ಸಾಹಿತ್ಯ, ಸಂಗೀತ ರಚನೆಯ ಹಕ್ಕು ಬೇರೆ. ಅದು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ಆ ಗೌರವಧನ ಅವರ ಮನೆಯವರಿಗೆ ಸಲ್ಲಲೇಬೇಕು.

ಕೇಳಬೇಕಾದ್ದು ಇಷ್ಟೇ: ರಾತ್ರಿಯ ಮೂಲೆಯಲ್ಲಲ್ಲ, ಬೆಳಗಿನ ಅಡುಗೆಯ ಹೊತ್ತಿಗೆ, ಮೈಸೂರು ರಸ್ತೆಯಲ್ಲಿ ವಾಹನಗಳು ಕಿಕ್ಕಿರಿಯುವ ಸಂಜೆಗೆ ಹಳೆಯ ಹಾಡು ಬರಲಿ. ಬರೆದವರ, ರಾಗ ಹಾಕಿದವರ, ಹಾಡಿದವರ ಹೆಸರನ್ನು ಪ್ರತಿ ಹಾಡಿಗೂ ಹೇಳಲಿ. ಹಿರಿಯರ ನೆನಪಿಗಷ್ಟೇ ಅಲ್ಲ, ಗೀತೆ ಬರೆದ ಕು.ರ.ಸೀ., ವಿಜಯನಾರಸಿಂಹ ಯಾರೆಂದು ಹದಿನೈದರ ಹುಡುಗಿಗೂ ತಿಳಿಯಬೇಕಾದರೆ ಅವರ ಹಾಡು ಹಗಲಿನಲ್ಲಿ ಕೇಳಿಸಬೇಕು.