ಕೇಳದೆಯೇ ಏರುವ ಸಂಬಳ



ವೆಸ್ಟ್‌ಮೀಡ್‌ನ ನಮ್ಮ ಕನ್ನಡ ಶಾಲೆಯಲ್ಲಿ ದೊಡ್ಡ ಮಕ್ಕಳ ತರಗತಿಗೆ ಸಹಾಯ ಮಾಡೋ ಅಂಕಲ್ ನಾನು. ವೃತ್ತಿಯಿಂದ ಸಾಫ್ಟ್‌ವೇರ್ ಇಂಜಿನಿಯರ್. ಈ ಸಲ ಕಂಪ್ಯೂಟರ್ ಬಗ್ಗೆ ಬರೆಯಲ್ಲ, ಸಂಬಳದ ಬಗ್ಗೆ ಬರೀತೀನಿ. ಅದಕ್ಕೆ ಕಾರಣ ನನ್ನ ಮಗಳು ಕೇಳಿದ ಒಂದು ಪ್ರಶ್ನೆ.

ಎರಡು ವರ್ಷದ ಹಿಂದೆ ನನ್ನ ಕೆಲಸ ಹೋಯಿತು. ಹತ್ತು ನಿಮಿಷದ ವಿಡಿಯೋ ಕಾಲ್, ಅಷ್ಟೇ. ಮುಂದಿನ ಐದು ತಿಂಗಳು ನಮ್ಮ ಮನೆ ಸಾಲ, ದಿನಸಿ, ಭರತನಾಟ್ಯದ ಫೀಸು ಎಲ್ಲಾ ನಡೆದದ್ದು ನನ್ನ ಹೆಂಡತಿಯ ಸಂಬಳದಲ್ಲಿ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಒಂದು ದಿನ ಊಟಕ್ಕೆ ಕೂತಾಗ ಮಗಳು ಕೇಳಿದಳು: “ಅಪ್ಪಾ, ನೀನು ಪ್ರತಿ ವರ್ಷ ಬಾಸ್ ಹತ್ರ ಸಂಬಳ ಜಾಸ್ತಿ ಮಾಡಿ ಅಂತ ಕೇಳ್ತಿದ್ದೆ. ಅಮ್ಮ ಯಾರನ್ನೂ ಕೇಳೋದೇ ಇಲ್ಲ. ಆದ್ರೂ ಅಮ್ಮಂದು ಏರತ್ತೆ. ಹೇಗೆ?”

ನನಗೆ ಸರಿಯಾಗಿ ಗೊತ್ತಿರಲಿಲ್ಲ. ಕೆಲಸ ಇರಲಿಲ್ಲವಲ್ಲ, ಕೂತು ಓದಿದೆ. ತಿಳಿದದ್ದು ಇಷ್ಟು.

ಸರ್ಕಾರಿ ಸಂಬಳವನ್ನು ಮಹಡಿಗಳಿರುವ ಒಂದು ಮನೆ ಅಂದುಕೊಳ್ಳಿ. ಪ್ರತಿ ಮಹಡಿಯೊಳಗೂ ಕೆಲವು ಮೆಟ್ಟಿಲು. ಒಂದು ವರ್ಷ ಕೆಲಸ ಸರಿಯಾಗಿ ಮಾಡಿದರೆ ಒಂದು ಮೆಟ್ಟಿಲು ಮೇಲೆ. ಇದಕ್ಕೆ ಕರ್ನಾಟಕದಲ್ಲಿ ‘ವಾರ್ಷಿಕ ವೇತನ ಬಡ್ತಿ’ ಅಂತಾರೆ, ಇಲ್ಲಿ ಇಂಕ್ರಿಮೆಂಟ್. ನ್ಯೂ ಸೌತ್ ವೇಲ್ಸ್‌ನಲ್ಲಿ ರಿಜಿಸ್ಟರ್ಡ್ ನರ್ಸ್‌ಗೆ ಒಂದನೇ ವರ್ಷದಿಂದ ಎಂಟನೇ ವರ್ಷದವರೆಗೆ ಹೀಗೆ ಎಂಟು ಮೆಟ್ಟಿಲು. ಯಾವ ಮೆಟ್ಟಿಲಿಗೆ ಎಷ್ಟು ಡಾಲರ್ ಅನ್ನೋದು ಗುಟ್ಟಲ್ಲ. ‘ಅವಾರ್ಡ್’ ಅನ್ನೋ ಕಾಗದದಲ್ಲಿ ಅಚ್ಚಾಗಿರತ್ತೆ, ಯಾರು ಬೇಕಾದರೂ ಓದಬಹುದು. ಮಕ್ಕಳೇ, ಈ ಅವಾರ್ಡ್ ಅಂದ್ರೆ ಬಹುಮಾನ ಅಲ್ಲ! ಸಂಬಳ, ರಜೆ, ಕೆಲಸದ ಗಂಟೆ ಎಲ್ಲವನ್ನೂ ನಿಗದಿ ಮಾಡುವ ಕಾನೂನಿನ ಆದೇಶ. ನನ್ನ ಹಳೇ ಕಂಪನಿಯಲ್ಲಿ ಪಕ್ಕದ ಕುರ್ಚಿಯವನ ಸಂಬಳ ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿಗೆ ಇಡೀ ವಾರ್ಡಿನವರದ್ದು ಗೊತ್ತು.

ಎರಡನೇ ವಿಷಯ: ಕೆಲವು ಸಲ ಮನೆಯನ್ನೇ ಮೇಲೆ ಎತ್ತುತ್ತಾರೆ. ಅಂದ್ರೆ ಎಲ್ಲಾ ಮೆಟ್ಟಿಲಿನ ಸಂಬಳವೂ ಒಟ್ಟಿಗೆ ಏರತ್ತೆ. ಇದು ಮಾತ್ರ ಕೇಳದೆ ಆಗಲ್ಲ. ಒಬ್ಬೊಬ್ಬರೇ ಕೇಳೋ ಬದಲು ಯೂನಿಯನ್ ಮೂಲಕ ಎಲ್ಲರೂ ಸೇರಿ ಕೇಳ್ತಾರೆ. ನಮ್ಮ ರಾಜ್ಯ ಸರ್ಕಾರ 2011ರಲ್ಲಿ ತನ್ನ ನೌಕರರ ಹೆಚ್ಚಳಕ್ಕೆ ವರ್ಷಕ್ಕೆ ಶೇಕಡಾ 2.5ರ ಮಿತಿ ಹಾಕಿತ್ತು. 2023ರಲ್ಲಿ ಹೊಸ ಸರ್ಕಾರ ಬಂದ ಮೇಲೆ ಆ ಮಿತಿ ಪದ್ಧತಿ ಹೋಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆಗೆ ಹೊಸದಾಗಿ ಸೇರುವ ಶಿಕ್ಷಕರ ಸಂಬಳ 75,791 ಡಾಲರಿನಿಂದ 85,000ಕ್ಕೆ ಏರಿತು. 2024ರಲ್ಲಿ ನರ್ಸ್‌ಗಳು ಶೇಕಡಾ 15 ಹೆಚ್ಚಳ ಕೇಳಿ ಮುಷ್ಕರ ಮಾಡಿದರು. ನಿಮ್ಮಲ್ಲಿ ಕೆಲವರ ಅಮ್ಮಂದಿರು ಆ ದಿನ ಬೀದಿಯಲ್ಲಿ ನಿಂತಿದ್ದರು. ಕರ್ನಾಟಕದಲ್ಲಿ ಇದೇ ಕೆಲಸವನ್ನು ವೇತನ ಆಯೋಗ ಮಾಡತ್ತೆ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದು, ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000 ಆಯಿತು.

ಇಷ್ಟೆಲ್ಲಾ ಕೇಳಿ ಸರ್ಕಾರಿ ಕೆಲಸವೇ ಸ್ವರ್ಗ ಅಂದುಕೊಳ್ಳಬೇಡಿ. ಮೆಟ್ಟಿಲು ಮುಗಿಯತ್ತೆ. ಒಂದು ಚಿಕ್ಕ ಲೆಕ್ಕ ಮಾಡೋಣ. 2023ರ ಅದೇ ಒಪ್ಪಂದದಲ್ಲಿ ಶಿಕ್ಷಕರ ಮೊದಲ ಮೆಟ್ಟಿಲು 85,000 ಆದರೆ ಕೊನೇ ಮೆಟ್ಟಿಲು 122,100 ಡಾಲರ್. ವ್ಯತ್ಯಾಸ 37,100. ಶುರುವಿನ ಸಂಬಳದ ಅರ್ಧದಷ್ಟೂ ಇಲ್ಲ! ಕೆಲಸ ತುಂಬಾ ಚೆನ್ನಾಗಿ ಮಾಡಿದವರಿಗೂ ಅದೇ ಮೆಟ್ಟಿಲು, ಸುಮಾರಾಗಿ ಮಾಡಿದವರಿಗೂ ಬಹುಮಟ್ಟಿಗೆ ಅದೇ. ಎರಡು ವರ್ಷದ ಹಿಂದೆ ಆರನೇ ಮೆಟ್ಟಿಲಲ್ಲಿದ್ದ ನನ್ನ ಹೆಂಡತಿ ಈಗ ಎಂಟನೆಯದರಲ್ಲಿ ನಿಂತಿದ್ದಾಳೆ. ಇನ್ನು ಮೇಲೆ ಹೋಗಬೇಕಾದರೆ ಮಹಡಿ ಬದಲಿಸಬೇಕು: ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್, ನರ್ಸ್ ಯುನಿಟ್ ಮ್ಯಾನೇಜರ್, ಹೀಗೆ.

ಇಲ್ಲೇ ನಮ್ಮಂಥ ಊರಿನಿಂದ ಬಂದವರು ಎಡವೋದು. ನಮ್ಮ ತಂದೆ ತಿಪಟೂರಿನಲ್ಲಿ ಎಸ್.ಡಿ.ಎ. ಆಗಿ ಸೇರಿ, ಎಫ್.ಡಿ.ಎ. ಆಗಿ, ಕೊನೆಗೆ ಶಿರಸ್ತೇದಾರ್ ಆಗಿ ನಿವೃತ್ತರಾದರು. ಜ್ಯೇಷ್ಠತಾ ಪಟ್ಟಿಯಲ್ಲಿ ತಮ್ಮ ಹೆಸರು ಮೇಲೆ ಬರೋವರೆಗೂ ಕಾದರು, ಬಡ್ತಿ ಬಂತು. ಇಲ್ಲಿ ಮಹಡಿ ಬದಲಿಸೋಕೆ ಕಾದರೆ ಆಗಲ್ಲ. ಹುದ್ದೆ ಖಾಲಿಯಾಗಬೇಕು, ಜಾಹೀರಾತು ಬರಬೇಕು, ನೀವು ಅರ್ಜಿ ಹಾಕಿ ಇಂಟರ್ವ್ಯೂನಲ್ಲಿ ಗೆಲ್ಲಬೇಕು. ಹತ್ತು ವರ್ಷ ಸರ್ವಿಸ್ ಆದವರ ಎದುರು ಮೂರು ವರ್ಷದವರೂ ಗೆಲ್ಲಬಹುದು. “ನಾನು ಮಾಡಿದ್ದು ಅವರಿಗೇ ಗೊತ್ತಾಗತ್ತೆ ಬಿಡು” ಅಂತ ಸುಮ್ಮನಿರೋ ನಮ್ಮ ಸಂಕೋಚ ಇಲ್ಲಿ ದುಬಾರಿ. ಏನು ಸಮಸ್ಯೆ ಇತ್ತು, ನಾನು ಏನು ಮಾಡಿದೆ, ಏನಾಯಿತು ಅಂತ ಉದಾಹರಣೆ ಸಮೇತ ಹೇಳೋದನ್ನು ಕಲೀಬೇಕು. ನಮ್ಮ ಶಾಲೆಯ ಭಾಷಣ ಸ್ಪರ್ಧೆಗೆ ನಿಲ್ಲೋಕೆ ನಾಚಿಕೊಳ್ಳೋ ಮಕ್ಕಳೇ, ಕೇಳಿಸ್ತಾ?

ಈಗ ಕಾಲೇಜಿನ ಕೊನೇ ವರ್ಷಕ್ಕೆ ಬಂದಿರೋ ನಮ್ಮ ಹಳೇ ವಿದ್ಯಾರ್ಥಿಗಳಿಗೆ ಎರಡು ಮಾತು. ಕೇಂದ್ರ ಸರ್ಕಾರಕ್ಕೂ ರಾಜ್ಯ ಸರ್ಕಾರಕ್ಕೂ ಪದವೀಧರರಿಗಾಗಿಯೇ ಗ್ರಾಜುಯೇಟ್ ಪ್ರೋಗ್ರಾಂಗಳಿವೆ. ಸೇರಿದವರನ್ನು ಬೇರೆ ಬೇರೆ ವಿಭಾಗಗಳಲ್ಲಿ ಕೆಲವು ತಿಂಗಳು ಇಟ್ಟು ಕೆಲಸ ಕಲಿಸ್ತಾರೆ. ಡಿಗ್ರಿ ಮುಗಿದ ಮೇಲೆ ನೋಡೋಣ ಅಂದರೆ ತಡವಾಗತ್ತೆ. ಅರ್ಜಿ ಹಿಂದಿನ ವರ್ಷವೇ ಹಾಕಬೇಕು. ಕೇಂದ್ರದ ಕೆಲಸಕ್ಕೆ ಸಾಮಾನ್ಯವಾಗಿ ಆಸ್ಟ್ರೇಲಿಯಾದ ಪೌರತ್ವ ಬೇಕು. ರಾಜ್ಯದ ಅನೇಕ ಕೆಲಸಗಳಿಗೆ ಪಿ.ಆರ್. ಸಾಕು. ಕೇಂದ್ರದಲ್ಲಿ ಎ.ಪಿ.ಎಸ್. 1ರಿಂದ 6, ಆಮೇಲೆ ಇ.ಎಲ್. 1 ಮತ್ತು 2, ಅದರ ಮೇಲೆ ಹಿರಿಯ ಅಧಿಕಾರಿಗಳು. ಸೂಪರ್ ಕೂಡ ಮರೀಬೇಡಿ: 2025ರ ಜುಲೈನಿಂದ ಎಲ್ಲಾ ಕಡೆ ಕಾನೂನಿನ ಪ್ರಕಾರ ಕನಿಷ್ಠ ಶೇಕಡಾ 12, ಆದರೆ ಕೇಂದ್ರದ ಹೆಚ್ಚಿನ ಹೊಸ ನೌಕರರಿಗೆ 15.4. ಇಪ್ಪತ್ತೆರಡನೇ ವಯಸ್ಸಿಗೆ ಇದು ಪುಟ್ಟ ಸಂಖ್ಯೆ ಅನಿಸತ್ತೆ. ನನ್ನ ವಯಸ್ಸಿಗೆ ಅನಿಸಲ್ಲ.

ನನ್ನ ಕಥೆ ಏನಾಯಿತು ಅಂತೀರಾ? ಐದನೇ ತಿಂಗಳು ರಾಜ್ಯ ಸರ್ಕಾರದ ಒಂದು ಇಲಾಖೆಯಲ್ಲಿ ಸಾಫ್ಟ್‌ವೇರ್ ಕೆಲಸವೇ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ. ಹುದ್ದೆಯ ದರ್ಜೆ ‘ಕ್ಲರ್ಕ್ ಗ್ರೇಡ್ 7/8’. ಈ ರಾಜ್ಯದಲ್ಲಿ ಇಂಜಿನಿಯರೂ ಕ್ಲರ್ಕ್, ದೊಡ್ಡ ಮ್ಯಾನೇಜರೂ ಕ್ಲರ್ಕ್. ಹಳೇ ಹೆಸರು ಹಾಗೇ ಉಳಿದಿದೆ. ಊರಿಗೆ ಫೋನ್ ಮಾಡಿ ಹೇಳಿದೆ. ತಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇಂಜಿನಿಯರಿಂಗ್ ಓದಿಸಿದ್ದು ಗುಮಾಸ್ತ ಆಗೋಕಾ? ನಾನು ಆಗಿದ್ದು ಸಾಲದಾ?” ಅಂದರು. ನಾನು ಎಲ್ಲಾ ವಿವರಿಸಿದೆ. ಅವರಿಗೆ ಹೆಸರು ಇವತ್ತಿಗೂ ಹಿಡಿಸಿಲ್ಲ. ಆದರೆ ಅವತ್ತು ಕೊನೆಗೆ ಕೇಳಿದ್ದು ಒಂದೇ: “ರಾತ್ರಿ ನಿದ್ದೆ ಬರತ್ತಾ ಈಗ?” ಬರತ್ತೆ ಅಂದೆ. “ಹಾಗಾದ್ರೆ ಸೇರಿಕೋ” ಅಂದರು.

ಪೋಷಕರೇ, ಮಗ ಐ.ಟಿ. ಅಥವಾ ಡಾಕ್ಟರ್ ಅಂತ ನಿರ್ಧರಿಸೋ ಮೊದಲು ಈ ಮನೆಯ ನಕ್ಷೆಯನ್ನೂ ಒಂದು ಸಲ ಜೊತೆಯಲ್ಲಿ ಕೂತು ನೋಡಿ. ಖಾಸಗಿಯಲ್ಲಿ ಬೇಗ ಮೇಲೆ ಹೋಗಬಹುದು, ಬೇಗ ಕೆಳಗೂ ಬರಬಹುದು. ಸರ್ಕಾರದಲ್ಲೂ ಗುತ್ತಿಗೆ ಕೆಲಸ ಇದೆ, ಇಲಾಖೆ ಮುಚ್ಚೋದೂ ಇದೆ. ಎರಡನ್ನೂ ತಿಳಿದು ಆರಿಸಲಿ.

ಮಕ್ಕಳೇ, ನಿಮಗೆ ಮನೆಕೆಲಸ. ಹುದ್ದೆ, ವೇತನ, ಬಡ್ತಿ, ನಿವೃತ್ತಿ: ಈ ನಾಲ್ಕು ಪದಗಳನ್ನು ಕಲಿಯಿರಿ. ಈ ವಾರ ಊರಿನ ಅಜ್ಜ ಅಜ್ಜಿಗೆ ಫೋನ್ ಮಾಡಿದಾಗ, ನಾಲ್ಕನ್ನೂ ಬಳಸಿ ಅವರ ಕೆಲಸದ ಬಗ್ಗೆ ಪ್ರಶ್ನೆ ಕೇಳಿ. ಅವರ ಮೊದಲ ಸಂಬಳ ಎಷ್ಟಿತ್ತು, ಅದರಲ್ಲಿ ಏನು ತಂದರು ಅಂತ ಬರೆದುಕೊಂಡು ತರಗತಿಗೆ ಬನ್ನಿ. ನಮ್ಮ ತಂದೆಯದು ನನಗೆ ಗೊತ್ತು. ನೀವು ಬಂದ ಮೇಲೆ ಹೇಳ್ತೀನಿ.