ತೂಕ ನೋಡುವುದಕ್ಕೂ ಒಂದು ವೇಳೆಯಿದೆ

ತೂಕ ಇಳಿಸಬೇಕೆಂದು ನಿಶ್ಚಯಿಸಿದವರು ಮೊದಲು ಮಾಡುವ ಕೆಲಸ ಮನೆಗೊಂದು ತೂಕದ ಕಾಟಾ ತರುವುದು. ಎರಡನೆಯ ಕೆಲಸ ದಿನಕ್ಕೆ ಮೂರು ಸಲ ಅದರ ಮೇಲೆ ನಿಲ್ಲುವುದು. ಬೆಳಿಗ್ಗೆ 71 ಕಿಲೋ, ಊಟವಾದ ಮೇಲೆ 72, ರಾತ್ರಿ ಮತ್ತೆ 72. ಮೂರು ರೊಟ್ಟಿ ಉಣ್ಣುವವರು ಎರಡಕ್ಕೆ ಇಳಿದಿರುತ್ತಾರೆ, ಚಹದ ಸಕ್ಕರೆಯನ್ನು ಬಿಟ್ಟಿರುತ್ತಾರೆ, ನಸುಕಿನಲ್ಲಿ ಎದ್ದು ನಡೆದಿರುತ್ತಾರೆ. ಆದರೂ ಅಂಕಿ ಏರಿದ್ದನ್ನು ಕಂಡು ಮನಸ್ಸು ಕುಗ್ಗುತ್ತದೆ. ಹದಿನೈದು ದಿನ ಕಳೆಯುವುದರೊಳಗೆ ಕಾಟಾ ಮಂಚದ ಕೆಳಗೆ ಸೇರುತ್ತದೆ. ಅದರೊಂದಿಗೆ ಸಂಕಲ್ಪವೂ ಸೇರುತ್ತದೆ. ಇಲ್ಲಿ ತಪ್ಪಿದ್ದು ಪಥ್ಯವಲ್ಲ, ತೂಕ ನೋಡಿದ ವೇಳೆ.

ಸೊಲ್ಲಾಪುರ, ಅಕ್ಕಲಕೋಟ ಭಾಗದ ಒಕ್ಕಲು ಮನೆತನಗಳಿಗೆ ಈ ಮಾತು ಹೊಸದೇನಲ್ಲ. ಆಗಷ್ಟೇ ಕಿತ್ತ ಉಳ್ಳಾಗಡ್ಡಿಯ ತೂಕವೇ ಬೇರೆ, ಹೊಲದಲ್ಲಿ ಒಣಗಿಸಿ ಪೇಟೆಗೆ ಒಯ್ದ ಉಳ್ಳಾಗಡ್ಡಿಯ ತೂಕವೇ ಬೇರೆ. ನಡುವೆ ಯಾರೂ ಕದ್ದಿಲ್ಲ. ನೀರು ಆರಿದೆ, ಅಷ್ಟೇ. ಅಡತಿ ಅಂಗಡಿಯಲ್ಲಿ ಕಾಟಾ ಸೊನ್ನೆಯಲ್ಲಿದೆಯೇ ಎಂದು ನೋಡಿ, ಚೀಲದ ತೂಕವನ್ನು ಕಳೆದು, ಆಮೇಲೆ ಲೆಕ್ಕ ಹಿಡಿಯುವ ನಾವು ನಮ್ಮ ದೇಹದ ವಿಷಯದಲ್ಲಿ ಮಾತ್ರ ನೀರನ್ನೂ ಊಟವನ್ನೂ ಬಟ್ಟೆಯನ್ನೂ ಕೊಬ್ಬಿನ ಲೆಕ್ಕಕ್ಕೇ ಬರೆದುಬಿಡುತ್ತೇವೆ.

ಬೆಳೆದವರ ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ ಇರುತ್ತದೆ. ಒಂದು ಲೀಟರು ನೀರು ಕುಡಿದು ಆ ಕ್ಷಣವೇ ಕಾಟಾದ ಮೇಲೆ ನಿಂತರೆ ಒಂದು ಕಿಲೋ ಹೆಚ್ಚು ತೋರುತ್ತದೆ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಚಟ್ನಿ ಜೋರಾಗಿ ಉಂಡ ಮರುದಿನ ಉಪ್ಪು ನೀರನ್ನು ಹಿಡಿದಿಡುವುದರಿಂದ ತೂಕ ಏರುತ್ತದೆ. ದಿನದಿಂದ ದಿನಕ್ಕೆ ಒಂದು ಕಿಲೋದಷ್ಟು ಏರಿಳಿತ ಆರೋಗ್ಯವಂತರಲ್ಲಿಯೂ ಸಹಜ. ಇದು ಕೊಬ್ಬಾಗಲು ಸಾಧ್ಯವೇ ಎಂದು ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಅಡಗಿರುತ್ತದೆ. 75 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಿಂದ ಸಿಗುವುದು ಸುಮಾರು 250 ಕ್ಯಾಲೊರಿ. ಒಂದೇ ದಿನದಲ್ಲಿ ಒಂದು ಕಿಲೋ ಕೊಬ್ಬು ಬೆಳೆಯಬೇಕಾದರೆ ದೇಹಕ್ಕೆ ಬೇಕಾದ ಊಟದ ಮೇಲೆ ಮತ್ತೆ ಮೂವತ್ತು ರೊಟ್ಟಿ ತಿನ್ನಬೇಕು. ಜಾತ್ರೆಯ ದಿನವೂ ಯಾರೂ ಅಷ್ಟು ತಿನ್ನಲಾರರು.

ದೇಹವು ಕಣ್ಣಿಗೆ ಕಾಣದಂತೆ ತೂಕ ಕಳೆದುಕೊಳ್ಳುತ್ತದೆಂಬುದನ್ನು ಇಟಲಿಯ ವೈದ್ಯ ಸ್ಯಾಂಟೋರಿಯೊ ನಾಲ್ಕು ನೂರು ವರ್ಷಗಳ ಹಿಂದೆಯೇ ತೂಗಿ ತೋರಿಸಿದ. ದೊಡ್ಡ ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲಿ ಕುಳಿತು ಉಣ್ಣುವ ಮುಂಚೆ, ಉಂಡ ಮೇಲೆ, ಮಲಗಿ ಎದ್ದ ಮೇಲೆ ತನ್ನನ್ನೇ ತೂಗಿಕೊಂಡ. ತಿಂದು ಕುಡಿದದ್ದರ ಅರ್ಧಕ್ಕೂ ಹೆಚ್ಚು ತೂಕ ಮಲಮೂತ್ರಗಳಲ್ಲದೆ ಅಗೋಚರವಾಗಿ ಹೋಗುತ್ತದೆಂದು 1614ರಲ್ಲಿ ಪ್ರಕಟಿಸಿದ. ಉಸಿರಿನಲ್ಲಿಯೂ ಚರ್ಮದಿಂದಲೂ ಹೊರಬೀಳುವ ತೇವವೇ ಅದರಲ್ಲಿ ಹೆಚ್ಚಿನ ಪಾಲು. ರಾತ್ರಿಯ ತೂಕಕ್ಕೂ ಬೆಳಗಿನ ತೂಕಕ್ಕೂ ವ್ಯತ್ಯಾಸ ಬರುವ ಕಾರಣಗಳಲ್ಲಿ ಇದೂ ಒಂದು.

ಹಾಗಾದರೆ ತೂಕ ನೋಡಬೇಕಾದದ್ದು ಯಾವಾಗ? ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಚಹ ಕುಡಿಯುವುದಕ್ಕೂ ಮೊದಲು. ಹಗುರವಾದ ಒಂದೇ ಬಗೆಯ ಬಟ್ಟೆಯಲ್ಲಿ, ಬರಿಗಾಲಲ್ಲಿ. ಕಾಟಾ ಅದೇ ಇರಲಿ, ಅದನ್ನಿಡುವ ಗಟ್ಟಿ ನೆಲವೂ ಅದೇ ಇರಲಿ. ಗಾದಿ, ಚಾಪೆಗಳ ಮೇಲೆ ಇಟ್ಟ ಕಾಟಾ ಸರಿಯಾದ ತೂಕ ಹೇಳುವುದಿಲ್ಲ. ಮನೆಯ ಅಂಕಿಯನ್ನು ಔಷಧದಂಗಡಿಯ ಕಾಟಾದ ಅಂಕಿಯೊಂದಿಗೆ ಹೋಲಿಸುವುದು ಬೇಡ.

ಎಷ್ಟು ದಿನಕ್ಕೊಮ್ಮೆ ನೋಡಬೇಕೆಂಬುದಕ್ಕೆ ಎರಡು ದಾರಿಗಳಿವೆ. ಅಂಕಿ ಏರಿದರೆ ಮನಸ್ಸು ಕೆಡುತ್ತದೆನ್ನುವವರು ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಲಿ. ಆ ದಿನ ಸೋಮವಾರವಾಗದಿದ್ದರೆ ಒಳ್ಳೆಯದು. ರವಿವಾರದ ಊಟದ ನೆರಳು ಅದರ ಮೇಲಿರುತ್ತದೆ. ಬುಧವಾರ, ಗುರುವಾರಗಳು ಅನುಕೂಲ. ಅಂಕಿಗೆ ಅಂಜದವರು ದಿನಾಲೂ ನೋಡಬಹುದು, ಆದರೆ ಏಳು ದಿನದ ಸರಾಸರಿಯನ್ನಷ್ಟೇ ನಂಬಬೇಕು. ಉದಾಹರಣೆಗೆ, ಒಬ್ಬರ ಒಂದು ವಾರದ ಅಂಕಿಗಳು 78.4, 77.9, 78.6, 78.1, 77.8, 78.3, 77.6 ಎಂದಿರಲಿ. ದಿನದಿನಕ್ಕೆ ಜೋಕಾಲಿಯಾಡಿದಂತೆ ಕಂಡರೂ ಸರಾಸರಿ 78.1. ಮುಂದಿನ ವಾರದ ಸರಾಸರಿ 77.6 ಆದರೆ ಅರ್ಧ ಕಿಲೋ ಇಳಿದಂತಾಯಿತು. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿಯುವುದು ಹಿತವಾದ ವೇಗ. ಈ ಸರಾಸರಿ ತೆಗೆಯುವ ಲೆಕ್ಕವನ್ನು ಮಕ್ಕಳ ಗಣಿತ ಪುಸ್ತಕವೇ ಕಲಿಸುತ್ತದೆ.

ತೂಕ ನೋಡುವುದನ್ನು ಪೂರ್ತಿ ಬಿಡುವುದೂ ಲಾಭದ ದಾರಿಯಲ್ಲ. ಕನಿಷ್ಠ ಹದಿಮೂರೂವರೆ ಕಿಲೋ ಇಳಿಸಿ, ಒಂದು ವರ್ಷವಾದರೂ ಅದನ್ನು ಉಳಿಸಿಕೊಂಡವರ ದಾಖಲೆಯೊಂದನ್ನು ಅಮೆರಿಕೆಯಲ್ಲಿ 1994ರಿಂದ ಇಡಲಾಗಿದೆ. ಅದರಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡುವವರು.

ಮೊದಲ ವಾರದ ಅಂಕಿಯನ್ನು ವಿಶೇಷವಾಗಿ ಅನುಮಾನದಿಂದ ನೋಡಬೇಕು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕಿಲೋದಷ್ಟು ಗ್ಲೈಕೋಜನ್ ಎಂಬ ಪಿಷ್ಟ ಸಂಗ್ರಹವಾಗಿರುತ್ತದೆ. ಅದರ ಪ್ರತಿ ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ. ಊಟ ಕಡಿಮೆಯಾದೊಡನೆ ಈ ಸಂಗ್ರಹ ಕರಗಿ, ನೀರು ಹೊರಬಿದ್ದು, ಒಂದೆರಡು ಕಿಲೋ ಇಳಿದಂತೆ ತೋರುತ್ತದೆ. ಆ ವೇಗ ಎರಡನೆಯ ವಾರ ನಿಂತಾಗ ಪಥ್ಯ ಸೋತಿತೆಂದು ತಿಳಿಯಬಾರದು. ನಿಜವಾದ ಲೆಕ್ಕ ಆಗಲೇ ಆರಂಭವಾಗುತ್ತದೆ. ಹೆಣ್ಣುಮಕ್ಕಳು ಮತ್ತೊಂದನ್ನು ನೆನಪಿಡಬೇಕು. ಮುಟ್ಟಿನ ಮುಂಚಿನ ದಿನಗಳಲ್ಲಿ ದೇಹ ನೀರನ್ನು ಹಿಡಿದಿಡುತ್ತದೆ. ಆದ್ದರಿಂದ ಈ ವಾರವನ್ನು ಹಿಂದಿನ ವಾರದೊಂದಿಗಲ್ಲ, ಹಿಂದಿನ ತಿಂಗಳಿನ ಅದೇ ವಾರದೊಂದಿಗೆ ಹೋಲಿಸುವುದು ನ್ಯಾಯ. ಕಾಟಾದೊಂದಿಗೆ ಸಿಂಪಿಗರ ಟೇಪನ್ನೂ ಬಳಸಬಹುದು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರು, ಹೆಂಗಸರಲ್ಲಿ 80 ಸೆಂಟಿಮೀಟರು ಮೀರಬಾರದೆಂಬುದು ಭಾರತೀಯರಿಗೆ ಹೇಳಿರುವ ಮಿತಿ. ತಿಂಗಳಿಗೊಮ್ಮೆ ಅಳೆದರೆ ಸಾಕು.

ಇನ್ನು, ಮನೆಯಲ್ಲಿ ಮಕ್ಕಳಿರುವಾಗ ತೂಕ ನೋಡುವ ವೇಳೆಗೆ ಇನ್ನೊಂದು ಅರ್ಥವೂ ಇದೆ. ಬೆಳಿಗ್ಗೆ ಶಾಲೆಯ ಗಡಿಬಿಡಿಯಲ್ಲಿ, ಮಕ್ಕಳ ಕಣ್ಣೆದುರೇ ಕಾಟಾ ಏರಿ, “ಅಯ್ಯೋ, ಮತ್ತೆ ಏರಿತು, ಇವತ್ತು ನನಗೆ ರೊಟ್ಟಿ ಬೇಡ” ಎಂದು ತಾಯಿ ನೊಂದು ನುಡಿದರೆ, ಪಕ್ಕದಲ್ಲಿ ಜಡೆ ಹಾಕಿಸಿಕೊಳ್ಳಲು ನಿಂತ ಹತ್ತು ವರ್ಷದ ಮಗಳು, “ಅವ್ವಾ, ನಾನೂ ದಪ್ಪ ಆಗೀನೇನು?” ಎಂದು ಕೇಳುತ್ತಾಳೆ. ಅದೇ ದಿನ ಅವಳ ಡಬ್ಬಿ ಅರ್ಧ ತುಂಬಿಯೇ ಮನೆಗೆ ಮರಳುತ್ತದೆ. ಬೆಳೆಯುವ ಮಗುವಿನ ತೂಕ ಏರಲೇಬೇಕು. ಏರದಿದ್ದರೆ ಅದೇ ಚಿಂತೆಯ ಮಾತು. ಶಾಲೆಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಮಕ್ಕಳ ಎತ್ತರ, ತೂಕಗಳನ್ನು ಅಳೆಯುವುದು ಬೆಳವಣಿಗೆ ಸರಿಯಾಗಿದೆಯೇ ಎಂದು ತಿಳಿಯುವುದಕ್ಕೆ. ಮಗುವಿನ ತೂಕ ವಯಸ್ಸಿಗೆ ಮೀರಿದೆಯೆಂದು ತೋರಿದರೆ ವೈದ್ಯರನ್ನು ಕೇಳಬೇಕೇ ಹೊರತು ಮನೆಯಲ್ಲಿ ಉಪವಾಸ ಹಾಕಬಾರದು. ದೊಡ್ಡವರು ಮಕ್ಕಳು ಏಳುವ ಮೊದಲೇ ತೂಕ ನೋಡಿ, ವಹಿಯಲ್ಲಿ ಬರೆದು, ಕಾಟಾವನ್ನು ಒಳಗಿಡುವುದು ಉತ್ತಮ. ಅಂಕಿಯ ಮಾತು ಊಟದ ಹೊತ್ತಿಗೆ ಬರುವುದು ಬೇಡ.

ಕೆಲವರಿಗೆ ಈ ಲೆಕ್ಕ ಬೇರೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ವೈದ್ಯರು ದಿನಾಲೂ ತೂಕ ನೋಡಲು ಹೇಳಿರುತ್ತಾರೆ. ಅವರಲ್ಲಿ ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ನೀರು ತುಂಬುತ್ತಿರುವ ಸೂಚನೆಯಿರಬಹುದು, ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಕೇಳದೆ ಊಟ ಕಡಿತಗೊಳಿಸಬಾರದು. ಗರ್ಭಿಣಿಯರು ತೂಕ ಇಳಿಸುವ ಯೋಚನೆಯನ್ನೇ ಮಾಡಬಾರದು. ಅಂಕಿಯ ಚಿಂತೆಯಿಂದ ಊಟ ಬಿಡುವವರು, ಉಂಡದ್ದನ್ನು ಕಕ್ಕುವವರು ಕಾಟಾದಿಂದ ದೂರವಿದ್ದು ವೈದ್ಯರ ನೆರವು ಪಡೆಯಬೇಕು.

ಆರಂಭಿಸುವವರು ಇಷ್ಟು ಮಾಡಲಿ. ಹಬ್ಬ, ಮದುವೆಗಳಿಲ್ಲದ ಸಾಮಾನ್ಯ ವಾರವೊಂದನ್ನು ಆರಿಸಿ, ಊಟ ಬದಲಿಸುವ ಮೊದಲೇ ಒಂದು ಬೆಳಿಗ್ಗೆ ತೂಕ ನೋಡಿ ತಾರೀಖಿನೊಂದಿಗೆ ಬರೆದಿಡಲಿ. ವಾರ, ವೇಳೆಗಳನ್ನು ಅಂದೇ ನಿಶ್ಚಯಿಸಲಿ. ನಾಲ್ಕು ವಾರ ತುಂಬುವವರೆಗೆ ಸಾಧಿಸಿತು, ಸೋತಿತು ಎಂಬ ತೀರ್ಪು ಬೇಡ. ನಾಲ್ಕು ವಾರದ ಮೇಲೂ ಸರಾಸರಿ ಕದಲದಿದ್ದರೆ, ಆಗ ತಾಟಿನಲ್ಲಿರುವುದನ್ನೂ ನಡಿಗೆಯನ್ನೂ ಮತ್ತೊಮ್ಮೆ ಪರಿಶೀಲಿಸಲಿ.